ಗೋಂಕುರು ಕಪ್ಪೆಗೆ ನೀರು ಹೊಯ್ದ ವರ್ಷ

ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಅವತ್ತು ಕುಕ್ಕರಗಾಲಿನಲ್ಲಿ ಕೂತಿದ್ದವರು ಮೂವರು ಹೆಂಗಸರು: ನಾನು, ಎದುರು ಮನೆಯ ತಾಯವ್ವ, ಬೀದಿಯ ಕೊನೆಯ ಮನೆಯ ಸ್ಟೆಲ್ಲಾ ಸಿಸ್ಟರ್. ತಾಯವ್ವನ ಮಗ ನಾಗರಾಜು ಸೀಬೆ ಮರಕ್ಕೆ ಒರಗಿಕೊಂಡು ಟೀ ಕುಡಿಯುತ್ತಾ ನಮ್ಮನ್ನು ನೋಡಿ ನಗುತ್ತಿದ್ದ. ನಮ್ಮ ನಡುವೆ ಬೋರಲು ಹಾಕಿದ ಬಿದಿರಿನ ಮಂಕರಿ. ಮಂಕರಿಯ ಕೆಳಗೊಂದು ಕಪ್ಪೆ.

ಆ ಕಪ್ಪೆಗೆ ಊಟ ಮಾಡಿಸಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅದನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಹೊತ್ತು, ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಂಡು ಮಳೆ ಕೇಳುವುದೆಂದು ಬೀದಿಯವರೆಲ್ಲ ಒಪ್ಪಿಕೊಂಡಿದ್ದೆವು. ಹಸಿದ ಕಪ್ಪೆಯ ಕೈಯಲ್ಲಿ ಮಳೆ ಕೇಳಿಸಬಾರದು ಎಂದು ತಾಯವ್ವನ ಹಟ.

ಇದೆಲ್ಲ ಮೊನ್ನೆ ನೆನಪಾದದ್ದು ಬೇವಿನ ಸೊಪ್ಪಿನಿಂದ. ಅಕ್ಕಿ ಡಬ್ಬಕ್ಕೆ ಹುಳು ಬೀಳದಿರಲೆಂದು ಸೊಪ್ಪು ಬಿಡಿಸುತ್ತಿದ್ದೆ. ಬೆರಳಿಗೆ ಆ ಹಸಿ ಕಹಿ ವಾಸನೆ ಹತ್ತಿದ್ದೇ ತಡ, ಆ ಬೇಸಿಗೆ ಪೂರ್ತಿ ಎದ್ದು ಬಂದು ಅಡುಗೆಮನೆಯಲ್ಲಿ ನಿಂತುಬಿಟ್ಟಿತು. ಬೇವಿನ ಸೊಪ್ಪು, ಒದ್ದೆ ಜೇಡಿಮಣ್ಣು, ಅರಿಶಿನ. ಈ ಮೂರೂ ಒಟ್ಟಿಗೆ ಸೇರಿದರೆ ಎಲ್ಲರಿಗೂ ಪೂಜೆಯ ವಾಸನೆ. ನನಗೆ ಮಾತ್ರ ಆ ಶುಕ್ರವಾರದ ವಾಸನೆ.

ಒಂಟಿಕೊಪ್ಪಲಿನ ಹಿಂಭಾಗದ ಒಂದು ಅಡ್ಡರಸ್ತೆ ನಮ್ಮದು. ಆ ವರ್ಷ ಯುಗಾದಿ ಕಳೆದ ಮೇಲೆ ಬೀಳುವ ಗುಡುಗು ಮಳೆ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಾಮುಂಡಿ ಬೆಟ್ಟದ ಹಿಂದೆ ಮೋಡ ಏಳುತ್ತಿತ್ತು, ಬೆಟ್ಟ ಕಪ್ಪಾಗುತ್ತಿತ್ತು, ಒಂದು ಗಾಳಿ ಬೀಸಿ ನಮ್ಮ ಸೀರೆಗಳನ್ನೆಲ್ಲ ಪಕ್ಕದವರ ಕಾಂಪೌಂಡಿಗೆ ಎಸೆಯುತ್ತಿತ್ತು. ಅಷ್ಟೇ. ಸಂಜೆಗೆ ಮತ್ತೆ ಅದೇ ಬೆಳ್ಳಗಿನ ಆಕಾಶ. ಜೂನ್ ಬಂದರೂ ಇದೇ ಕತೆ. ನಲ್ಲಿಯಲ್ಲಿ ಮೊದಲು ದಿನ ಬಿಟ್ಟು ದಿನ ನೀರು, ಆಮೇಲೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಬೋರ್‌ವೆಲ್ ಇದ್ದ ಮನೆಗಳಲ್ಲಿ ಮೋಟಾರು ಹಾಕಿದರೆ ಮುದುಕರು ಕೆಮ್ಮಿದ ಸದ್ದು ಬರುತ್ತಿತ್ತೇ ಹೊರತು ನೀರಿಲ್ಲ.

ನೀರು ಕಡಿಮೆಯಾದಂತೆ ಮಾತೂ ಕಡಿಮೆಯಾಯಿತು. ಹೆಪ್ಪಿಗೆ ಮಜ್ಜಿಗೆ, ಸಾರಿಗೆ ಕರಿಬೇವು ಎಂದು ಬಟ್ಟಲು ಹಿಡಿದು ಓಡಾಡುತ್ತಿದ್ದ ಬೀದಿ ನಮ್ಮದು. ಆ ವರ್ಷ ಯಾರಾದರೂ ಗೇಟು ತೆರೆದರೆ ಒಳಗಿದ್ದವರು ಮೊದಲು ಅವರ ಕೈ ನೋಡುತ್ತಿದ್ದರು, ಚೊಂಬು ಇದೆಯಾ ಎಂದು. ಡ್ರಮ್ಮುಗಳು ಒಳಕೋಣೆ ಸೇರಿದವು. ರಿಟೈರ್ಡ್ ಇಂಜಿನಿಯರ್ ರಾಮೇಗೌಡರು ತಮ್ಮ ಪೋರ್ಟಿಕೋದ ಕೆಳಗಿನ ನೀರಿನ ಸಂಪಿನ ಮುಚ್ಚಳಕ್ಕೆ ಹಿತ್ತಾಳೆ ಬೀಗ ಹಾಕಿದರು. ಕೇಳಿದರೆ, "ಮಕ್ಕಳು ಬೀಳ್ತಾವೆ ಅಂತ ಬೀಗ ಕಣಮ್ಮ. ನೀರೆಲ್ಲಿ ಬಂತು? ತಳ ಕಾಣ್ತಾ ಇದೆ" ಎನ್ನುತ್ತಿದ್ದರು. ನಾವು ನಂಬಿದೆವು ಅಂತಲ್ಲ. ನಂಬದೆ ಮಾಡುವುದಾದರೂ ಏನು?

ಒಂದು ದಿನ ಟ್ಯಾಂಕರ್ ಮುಂದೆ ನೂಕಾಟವಾಗಿ ಸ್ಟೆಲ್ಲಾ ಸಿಸ್ಟರ್ ಬಿದ್ದು ಮೊಣಕಾಲು ತರಚಿಕೊಂಡರು. ಆಕೆ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬೀದಿಯ ಅರ್ಧ ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು. ಗಂಡ ತೀರಿಕೊಂಡಿದ್ದರು, ಭಾನುವಾರ ಚರ್ಚಿಗೆ ಹೋಗುವುದು, ಉಳಿದ ದಿನ ಗಿಡ ನೋಡಿಕೊಳ್ಳುವುದು. ಅಂಥವರು ಬಿದ್ದರೂ ಯಾರೂ ಬಿಂದಿಗೆ ಕೆಳಗಿಟ್ಟು ಎತ್ತಲು ಬರಲಿಲ್ಲ. ತಾಯವ್ವ ಒಬ್ಬಳೇ ತನ್ನ ಬಿಂದಿಗೆ ಬಿಸಾಕಿ ಓಡಿ ಬಂದಳು. ಎತ್ತಿ ಕೂರಿಸಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು:

"ನಾಯಿಗಳಾದ್ರೂ ಮೇಲು ಕಣ್ರಪ್ಪೋ! ಇಂಗೆ ಬಿಂದಿಗೆ ಹಿಡ್ಕಂಡು ಬಡಿದಾಡೋ ಬದ್ಲು ಎಲ್ಲಾರೂ ಒಂದಾಗಿ ಮಳೆರಾಯನ್ನಾದ್ರೂ ಕೇಳಾನ ಬನ್ರಿ."

ತಾಯವ್ವ ವರುಣಾ ಕಡೆಯ ಹಳ್ಳಿಯವಳು. ಗಂಡ ಹೋದ ಮೇಲೆ ಮಗನ ಜೊತೆ ಮೈಸೂರಿಗೆ ಬಂದವಳು. ನಾಗರಾಜು ಗೂಡ್ಸ್ ಆಟೋ ಇಟ್ಟುಕೊಂಡಿದ್ದ. ಬೆಳಗಾಗುವ ಮೊದಲೇ ಬಂಡಿಪಾಳ್ಯದ ಮಂಡಿಗೆ ಹೋಗಿ ತರಕಾರಿ ತುಂಬಿಕೊಂಡು ಅಂಗಡಿ ಅಂಗಡಿಗೆ ಇಳಿಸುವುದು ಅವನ ಕೆಲಸ. ಇಬ್ಬರೇ ಇದ್ದ ಮನೆ. ಅವನ ಎರಡು ಕಣ್ಣು, ಎರಡು ಕೈ ನಂಬಿಕೊಂಡು ಆ ಮನೆಯ ಒಲೆ ಉರಿಯುತ್ತಿತ್ತು.

ಮಳೆ ಕೇಳುವ ಕ್ರಮವನ್ನು ತಾಯವ್ವ ವಿವರಿಸಿದಳು. ಮಣೆಯ ಮೇಲೆ ಒದ್ದೆ ಜೇಡಿಮಣ್ಣು ಮೆತ್ತಿ, ಬೇವಿನ ಸೊಪ್ಪು ಹಾಸಿ, ಅದರ ಮೇಲೆ ಕಪ್ಪೆ ಕೂರಿಸಿ ಅರಿಶಿನದ ದಾರದಲ್ಲಿ ಕಟ್ಟಬೇಕು. ಹೊತ್ತವನು ಪ್ರತಿ ಮನೆ ಮುಂದೆ ನಿಂತು ಸುತ್ತಬೇಕು, ಮನೆಯವರು ಮೇಲಿಂದ ನೀರು ಹೊಯ್ಯಬೇಕು. ಒಂದು ಷರತ್ತು. ಮನೆಯಲ್ಲಿ ಕೂಡಿಟ್ಟ ಬಿಂದಿಗೆಯನ್ನೇ ಹೊಯ್ಯಬೇಕು, ಪೂರ್ತಿ ಹೊಯ್ಯಬೇಕು. ಬಚ್ಚಿಟ್ಟುಕೊಂಡು ಬೇಡಿದರೆ ಮಳೆರಾಯ ಕಿವಿ ಮುಚ್ಚಿಕೊಳ್ಳುತ್ತಾನಂತೆ.

ಕಪ್ಪೆ ಸಿಕ್ಕುವುದೇ ಕಷ್ಟವಾಯಿತು. ನಾಗರಾಜು ಕುಕ್ಕರಹಳ್ಳಿ ಕೆರೆಗೆ ಹೋಗಿ ಕಾವಲಿನವನ ಹತ್ತಿರ ಬೈಸಿಕೊಂಡು ಬರಿಗೈಯಲ್ಲಿ ಬಂದ. ಕೊನೆಗೆ ಸಿಕ್ಕಿದ್ದು ನಮ್ಮ ಒಗೆಯುವ ಕಲ್ಲಿನ ಕೆಳಗೆ, ಇಡೀ ಬೀದಿಯಲ್ಲಿ ತುಸು ತೇವ ಉಳಿದಿದ್ದ ಜಾಗದಲ್ಲಿ. ಕೆರೆ ಕಪ್ಪೆಯ ಹಾಗೆ ನುಣುಪಲ್ಲ. ಮೈಯೆಲ್ಲ ಗುಳ್ಳೆ, ಮಣ್ಣಿನ ಬಣ್ಣ, ಕಣ್ಣಿನ ಹಿಂದೆ ಎರಡು ದಪ್ಪ ಉಬ್ಬು. ತಾಯವ್ವ ಬಗ್ಗಿ ನೋಡಿದವಳೇ ಹಿಂದೆ ಸರಿದಳು.

"ಇದು ಗೋಂಕುರು ಕಪ್ಪೆ. ನಮ್ಮೂರಲ್ಲಿ ಮಳೆಗೆ ಇದನ್ನ ಇಡಾಕಿಲ್ಲ. ಕೆರೆ ಕಪ್ಪೇನೇ ಆಗ್ಬೇಕು."

"ಯಾಕವ್ವ?" ಎಂದ ನಾಗರಾಜು.

"ಯಾಕೆ ಅಂದ್ರೆ? ಇಡಾಕಿಲ್ಲ, ಅಷ್ಟೇಯ."

ಅವಳಿಗೂ ಗೊತ್ತಿರಲಿಲ್ಲ. ಅವಳ ಅತ್ತೆ ಮುಟ್ಟಬೇಡ ಎಂದಿದ್ದರು, ಇವಳು ಮುಟ್ಟಿರಲಿಲ್ಲ. ಗೇಟಿನಲ್ಲಿ ನಿಂತಿದ್ದ ರಾಮೇಗೌಡರು ನಕ್ಕರು. "ಕಪ್ಪೆ ಅಂದ್ರೆ ಕಪ್ಪೇನೇ ಬಿಡು ತಾಯವ್ವ. ಮಳೆರಾಯ ಏನು ಚರ್ಮ ಮುಟ್ಟಿ ನೋಡಿ ತಗೊತಾನಾ, ಸೀರೆ ಅಂಗಡೀಲಿ ತಗೊಂಡ ಹಾಗೆ?" ಎಲ್ಲರೂ ನಕ್ಕರು. ತಾಯವ್ವನೂ ನಕ್ಕಳು. ಅಲ್ಲಿಗೆ ಮಾತು ಮುಗಿಯಿತು.

ಹೀಗೆ ನಮ್ಮ ಹಿತ್ತಲಿಗೆ ಮಂಕರಿ ಬಂತು, ಊಟದ ಪ್ರಶ್ನೆಯೂ ಬಂತು. ಮೊದಲು ಹಾಲು ಇಟ್ಟೆವು. ಕಪ್ಪೆ ಅದರೊಳಗೆ ಹೋಗಿ ಕೂತಿತು, ಕುಡಿಯಲಿಲ್ಲ. ಅನ್ನ ಇಟ್ಟೆವು, ನೆನೆಸಿದ ಹೆಸರುಬೇಳೆ ಇಟ್ಟೆವು, ಬಾಳೆಹಣ್ಣು ಕಿವುಚಿ ಇಟ್ಟೆವು. ಅದು ಯಾವುದನ್ನೂ ನೋಡದೆ, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಗೋಡೆ ನೋಡುತ್ತಾ ಕೂತಿತು. ಅಷ್ಟರಲ್ಲಿ ಬಾಳೆಹಣ್ಣಿನ ವಾಸನೆಗೆ ಒಂದು ಕಟ್ಟಿರುವೆ ಬಂತು. ಕಪ್ಪೆಯ ಕತ್ತು ಸ್ವಲ್ಪ ವಾಲಿತು. 'ಟಪ್' ಎಂದು ಸದ್ದು. ಇರುವೆ ಇಲ್ಲ.

"ಅಯ್ಯೋ, ಎಲ್ಲೋಯ್ತು?" ತಾಯವ್ವ ಕಣ್ಣು ಕಿರಿದು ಮಾಡಿದಳು.

"ನಾಲಿಗೆ ಕಣ್ರೀ, ನಾಲಿಗೆ," ಎಂದರು ಸ್ಟೆಲ್ಲಾ ಸಿಸ್ಟರ್. "ಓಡಾಡೋದನ್ನ ಮಾತ್ರ ತಿನ್ನತ್ತೆ ಇದು. ಕೂತಿದ್ದು ಅದರ ಕಣ್ಣಿಗೆ ಊಟವೇ ಅಲ್ಲ. ನಮ್ಮ ಗಿಡದ ಹುಳಾನೆಲ್ಲ ಇಂಥವೇ ತಿಂತಿದ್ವು."

ನನಗೆ ಒಂದು ಯೋಚನೆ ಬಂತು. ಬಾಳೆಹಣ್ಣಿನ ಚೂರನ್ನು ಹೊಲಿಗೆ ದಾರಕ್ಕೆ ಕಟ್ಟಿ ಮೆಲ್ಲಗೆ ಎಳೆದೆ. ಕಪ್ಪೆ ನೆಗೆದು ಬಾಯಿ ಹಾಕಿತು. ಮರುಗಳಿಗೆ ಮುಖ ಕಿವುಚಿ, ಎರಡೂ ಮುಂಗೈಯಿಂದ ಬಾಯಿ ಒರೆಸಿಕೊಂಡು ಹೊರಗೆ ತಳ್ಳಿತು. ನಾಗರಾಜುವಿನ ಟೀ ಮೂಗಿಗೆ ಹತ್ತಿತು. "ಜಯಕ್ಕ, ನಿಮ್ಮ ಅಡುಗೆ ತಿಂದಂಗೇ ಮಾಡ್ತು ನೋಡಿ!"

ಆಮೇಲೆ ಶುರುವಾಯಿತು ವಾದ. ದೇವರ ಕಪ್ಪೆಗೆ ಜಿರಲೆ ಹಾಕಬಹುದೇ? ಶುಕ್ರವಾರ ಹತ್ತಿರ ಬಂದಿರುವಾಗ ಮಾಂಸ ತಿನ್ನಿಸುವುದೇ? ತಾಯವ್ವನೇ ತೀರ್ಪು ಕೊಟ್ಟಳು: ಗೆದ್ದಲು ಆಗಬಹುದು, ಅದು ಮಣ್ಣಿನ ಮಗ, ಜಿರಲೆ ಬೇಡ, ಅದು ಬಚ್ಚಲಿನದು. ಬೇಲಿಯ ಹಳೆಯ ಕಂಬ ಒಡೆದು ಗೆದ್ದಲು ತಂದು ಉದುರಿಸಿದೆವು. ಟಪ್, ಟಪ್, ಟಪ್. ಆ ಬೇಸಿಗೆಯಲ್ಲಿ ನಾವು ಮೂವರೂ ಒಟ್ಟಿಗೆ ಬಾಯಿತುಂಬ ನಕ್ಕದ್ದು ಆ ಸಂಜೆಯೇ.

ಹೊಟ್ಟೆ ತುಂಬಿದ ಮೇಲೆ ನಾಗರಾಜು ಕಡ್ಡಿಯಲ್ಲಿ ಅದರ ಬೆನ್ನು ತಿವಿದ. ಎಣ್ಣೆಗೆ ಬಿಟ್ಟ ಪೂರಿಯಂತೆ ಅದು ಉಬ್ಬಿತು. ನಾಲ್ಕೂ ಕಾಲನ್ನು ಕಂಬದಂತೆ ನೆಟ್ಟು, ತಲೆ ತಗ್ಗಿಸಿ, ಕಣ್ಣಿನ ಹಿಂದಿನ ಆ ಉಬ್ಬುಗಳನ್ನು ಕಡ್ಡಿಯತ್ತ ತಿರುಗಿಸಿ ನಿಂತಿತು.

"ನೋಡವ್ವ, ರಾಮೇಗೌಡ್ರು ಟ್ಯಾಂಕರ್ ಮುಂದೆ ನಿಂತಂಗೇ ಐತೆ!"

"ಸುಮ್ನಿರ್ಲಾ, ಕೇಳುಸ್ಕಂಡಾರು."

"ಹುಷಾರು ನಾಗರಾಜು," ಎಂದರು ಸ್ಟೆಲ್ಲಾ ಸಿಸ್ಟರ್. "ನಮ್ಮ ನಾಯಿ ಬ್ರೂನೋ ಇದ್ದಾಗ ಒಂದ್ಸಲ ಇಂಥದ್ದಕ್ಕೆ ಬಾಯಿ ಹಾಕಿ ನೊರೆ ನೊರೆ ಕಾರಿ, ಎರಡು ದಿನ ಎದ್ದಿರಲಿಲ್ಲ. ಅದರ ಮೈಯಲ್ಲಿ ಏನೋ ಇರತ್ತೆ."

"ನಾನೇನ್ ಬಾಯಿಗಾಕ್ಕತ್ತೀನಾ ಸಿಸ್ಟರ್?"

ಮತ್ತೆ ನಗು. ಸಿಸ್ಟರ್ ಏನೋ ಹೇಳಲು ಹೋಗಿ ಸುಮ್ಮನಾದರು. ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಹೇಳಿಕೊಂಡರು: "ಇನ್ನೊಂದ್ಸಲ ಹೇಳಿದ್ರೆ, 'ನಮ್ಮ ಪೂಜೆ ಇವಳಿಗೆ ತಮಾಷೆ' ಅಂದ್ಕೊತಾರೇನೋ ಅನ್ನಿಸ್ತು ಜಯ. ಆ ಬೇಸಿಗೇಲಿ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲವಲ್ಲ."

ಶುಕ್ರವಾರ ಬಂತು. ನಾಗರಾಜು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ನಿಂತ. ತಾಯವ್ವ ಮಣೆ ಸಿದ್ಧ ಮಾಡಿದಳು. ಕಪ್ಪೆಯ ಸೊಂಟಕ್ಕೆ ದಾರ ಸುತ್ತಿದಾಗ ರಾಮೇಗೌಡರು ಮುಂದೆ ಬಂದು, "ಇಷ್ಟಕ್ಕೆ ನಿಲ್ಲಲ್ಲ, ಸುತ್ತುವಾಗ ಜಾರತ್ತೆ" ಎಂದು ಕತ್ತಿನ ಹಿಂದೆ ಇನ್ನೊಂದು ಸುತ್ತು ಹಾಕಿ ಬಿಗಿದರು. ಇಂಜಿನಿಯರ್ ಕಟ್ಟಿದ್ದು, ಅಲುಗಾಡುವ ಮಾತೇ ಇಲ್ಲ.

ಮೊದಲ ಮನೆಯಲ್ಲಿ ಚೊಂಬಿನಲ್ಲಿ ಚಿಮುಕಿಸಿದರು. ತಾಯವ್ವ ಬಿಡಲಿಲ್ಲ. "ಉಯ್ಯವ್ವ, ಕೈ ಹಿಡೀಬ್ಯಾಡ! ಬಿಂದಿಗೆ ತಕ್ಕಂಬಾ!" ಆ ಹೆಣ್ಣುಮಗಳು ನಾಚಿ ಒಳಗೆ ಹೋಗಿ ಬಿಂದಿಗೆ ತಂದು ಪೂರ್ತಿ ಸುರಿದಳು. ಅಲ್ಲಿಂದ ಬೀದಿಗೆ ಏನಾಯಿತೋ! ಒಂದೊಂದು ಲೋಟಕ್ಕೂ ಲೆಕ್ಕ ಇಟ್ಟವರು ಕೊಡಗಟ್ಟಲೆ ಸುರಿದರು. ಟಾರು ರಸ್ತೆಯಿಂದ ಹಬೆ ಎದ್ದಿತು. ನಾಗರಾಜು ಗಿರಗಿರನೆ ಸುತ್ತಿದ, ನೀರು ಚಕ್ರದಂತೆ ಹಾರಿ ನಮ್ಮ ಮೈಮೇಲೆ ಬಿತ್ತು. ತಿಂಗಳುಗಳಿಂದ ಮಾತು ಬಿಟ್ಟವರು ಒಬ್ಬರ ಸೆರಗಿಗೆ ಒಬ್ಬರು ನೀರೆರಚಿಕೊಂಡರು. ನಮ್ಮ ಮನೆಯ ಮುಂದೆ ಬಂದಾಗ ನಾನೂ ಕೊನೆಯ ಬಿಂದಿಗೆ ಸುರಿದೆ. ಕಪ್ಪೆ ಉಬ್ಬಿ ಗುಂಡಗಾಗಿತ್ತು. ಅದರ ಕಣ್ಣಿನ ಹಿಂದೆ ಎಕ್ಕದ ಗಿಡ ಮುರಿದಾಗ ಬರುವಂಥ ಬಿಳಿಯ ಹಾಲು ಹನಿಹನಿಯಾಗಿ ನಿಂತಿತ್ತು. ಯಾರೋ ಭಕ್ತಿಗೆ ಹಾಲು ಹೊಯ್ದಿರಬೇಕು ಎಂದುಕೊಂಡೆ.

ಕೊನೆಯದು ಸ್ಟೆಲ್ಲಾ ಸಿಸ್ಟರ್ ಮನೆ. ಅವರು ಗೇಟಿನ ಪಕ್ಕದ ಕಟ್ಟೆ ಹತ್ತಿ ತುಂಬಿದ ಕೊಡ ಹಿಡಿದು ಕಾಯುತ್ತಿದ್ದರು. ನಾಗರಾಜು ಓಡುತ್ತಲೇ ಬಂದ. ಅವರು ಸುರಿದರು. ಅವನು ಮುಖ ಮೇಲೆತ್ತಿ, "ಇನ್ನೂ ಉಯ್ರಿ ಸಿಸ್ಟರ್!" ಎಂದು ನಕ್ಕ. ಮಣೆ ಹಿಂದಕ್ಕೆ ವಾಲಿತು. ನೀರು ಕಪ್ಪೆಯ ಮೇಲಿಂದ, ಮಣ್ಣಿನ ಮೇಲಿಂದ ನೇರವಾಗಿ ಅವನ ತೆರೆದ ಕಣ್ಣಿಗೆ ಇಳಿಯಿತು.

ಅವನು ಕೂಗಿದ ಕೂಗು ನಗು ಅಲ್ಲವೆಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮಣೆ ರಸ್ತೆಗೆ ಬಿತ್ತು. ಅವನು ಮಣ್ಣು, ಅರಿಶಿನ ಮೆತ್ತಿದ ಕೈಯಿಂದಲೇ ಕಣ್ಣು ಉಜ್ಜಿಕೊಂಡು ಕೂತುಬಿಟ್ಟ. "ಉರೀತದೆ ಕಣವ್ವೋ! ಕಾಣಾಕಿಲ್ಲ, ಏನೂ ಕಾಣಾಕಿಲ್ಲ!"

ಗುಂಪಿನಿಂದ ಒಂದು ಗಂಡಸಿನ ದನಿ ಬಂತು. "ಏನ್ ನೀರ್ರೀ ಹೊಯ್ದಿದ್ದು ಸಿಸ್ಟರ್? ಆಸ್ಪತ್ರೆ ಫಿನಾಯಿಲ್ ಗಿನಾಯಿಲ್ ಇತ್ತಾ ಅದ್ರಲ್ಲಿ?"

ಸ್ಟೆಲ್ಲಾ ಸಿಸ್ಟರ್ ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ಬೊಗಸೆಗೆ ಬಗ್ಗಿಸಿಕೊಂಡು, ಎರಡೂ ಕಣ್ಣು ಅಗಲಿಸಿ ತಾವೇ ಎರಚಿಕೊಂಡರು. ಸೆರಗಿನಿಂದ ಮುಖ ಕೂಡ ಒರೆಸಿಕೊಳ್ಳದೆ ಕಟ್ಟೆಯಿಂದ ಇಳಿದು ನಾಗರಾಜುವಿನ ಎರಡೂ ಕೈ ಹಿಡಿದರು.

"ಉಜ್ಜಬೇಡ! ಕೈ ತೆಗಿ! ಕಪ್ಪೆ ವಿಷ ಇದು. ನೀರು ತನ್ನಿ, ಒಳ್ಳೆ ನೀರು. ನಿಲ್ಲಿಸದೆ ಹೊಯ್ಯಬೇಕು. ಬೇಗ!"

ನೀರು ಎಲ್ಲಿಂದ ತರುವುದು? ರಸ್ತೆಯ ತುಂಬ ನೀರು ಹರಿಯುತ್ತಿತ್ತು, ಮಣ್ಣು ಅರಿಶಿನ ಕಲೆಸಿಕೊಂಡು ಮೋರಿಗೆ ಇಳಿಯುತ್ತಿತ್ತು. ಬಿಂದಿಗೆಗಳೆಲ್ಲ ಬೋರಲಾಗಿದ್ದವು. ಆ ಬೇಸಿಗೆಯಲ್ಲಿ ಮೊದಲ ಸಲ ನಾವು ಒಬ್ಬರಿಗೊಬ್ಬರು ಸುಳ್ಳು ಹೇಳದೆ ಪೂರ್ತಿ ಸುರಿದಿದ್ದೆವು. ನಾನು ಮನೆಗೆ ಓಡಿದೆ. ಫಿಲ್ಟರಿನಲ್ಲಿ ಎರಡು ಲೋಟ ನೀರಿತ್ತು, ತಂದೆ. ಅದು ಒಂದು ಕಣ್ಣಿಗೂ ಸಾಲಲಿಲ್ಲ. ಯಾರೋ, "ಬಾಣಂತಿ ಎದೆಹಾಲು ಬಿಟ್ರೆ ತಂಪಾಗತ್ತೆ" ಎಂದರು. ಇನ್ಯಾರೋ ಹರಳೆಣ್ಣೆ ತಂದರು. "ಏನೂ ಹಾಕಬೇಡಿ ಕಣ್ರೋ, ನೀರು, ಬರೀ ನೀರು!" ಎಂದು ಸಿಸ್ಟರ್ ಚೀರುತ್ತಿದ್ದರು. ತಾಯವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ರಾಮೇಗೌಡರು ಗುಂಪಿನಿಂದ ಹೊರಟದ್ದು ನಾನು ಕಂಡೆ. ಓಡಲಿಲ್ಲ ಅವರು, ಓಡುವ ವಯಸ್ಸಲ್ಲ, ಆದರೆ ಪಂಚೆ ಎತ್ತಿ ಹಿಡಿದು ಬಿರುಸಾಗಿ ನಡೆದರು. ತಮ್ಮ ಗೇಟು ಪೂರ್ತಿ ತೆರೆದರು. ಬನಿಯನ್ನಿನೊಳಗಿನ ಜನಿವಾರದಂತೆ ಕೊರಳಿಗೆ ಹಾಕಿಕೊಂಡಿದ್ದ ದಾರದಿಂದ ಕೀಲಿ ತೆಗೆದು, ಮಂಡಿಯೂರಿ, ಸಂಪಿನ ಬೀಗ ತೆಗೆದರು. ಮುಚ್ಚಳ ಎತ್ತಿದಾಗ ಆಕಾಶದ ಬೆಳಕು ಅವರ ಮುಖಕ್ಕೆ ಕೆಳಗಿನಿಂದ ಹೊಡೆಯಿತು. ನೀರು ಕಂಠದವರೆಗೆ ಇತ್ತು.

"ಇಲ್ಲಿಗೆ ಕರ್ಕೊಂಡು ಬನ್ನಿ ಅವನ್ನ," ಎಂದರು.

ನಾಗರಾಜುವನ್ನು ಎತ್ತಿಕೊಂಡು ಹೋಗಿ ಆ ಪೋರ್ಟಿಕೋದಲ್ಲಿ ಮಲಗಿಸಿದೆವು. ನಾವು ಮೊಗೆದು ಕೊಟ್ಟೆವು, ಸಿಸ್ಟರ್ ರೆಪ್ಪೆ ಬಿಡಿಸಿ ಹಿಡಿದು ಹೊಯ್ದರು, ನಿಲ್ಲಿಸದೆ ಹೊಯ್ದರು. ರಾಮೇಗೌಡರು ಗೋಡೆ ಕಡೆ ಮುಖ ಮಾಡಿ ಕಾರಿನ ಕೀಲಿ ಹುಡುಕುತ್ತಿದ್ದರು. ಸಂಪಿನ ಬಗ್ಗೆ ಯಾರೂ ಅವರನ್ನು ಒಂದು ಮಾತೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

ಕಣ್ಣಿನ ಆಸ್ಪತ್ರೆಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರಮ್ಮ ಇದ್ದರು. ಕಣ್ಣಿಗೆ ಏನು ಬಿತ್ತು ಎಂದು ಕೇಳಿದರು. ರಾಮೇಗೌಡರು, "ಅರಿಶಿನ, ಮಣ್ಣು... ಪೂಜೇದು" ಎಂದು ತಡವರಿಸಿದರು. ನಾನೂ ತಲೆ ತಗ್ಗಿಸಿದೆ. ಓದಿದವರ ಮುಂದೆ ಕಪ್ಪೆ ಮೆರವಣಿಗೆಯ ಮಾತು ಹೇಗೆ ಎತ್ತುವುದು? ತಾಯವ್ವ ನಮ್ಮಿಬ್ಬರನ್ನೂ ಸರಿಸಿ ಮುಂದೆ ಬಂದಳು.

"ಕಪ್ಪೆ ಕಣವ್ವ. ಗೋಂಕುರು ಕಪ್ಪೆ. ಮಳೆ ಬರ್ಲಿ ಅಂತ ನಾನೇ ಇವನ ತಲೆ ಮೇಲೆ ಹೊರಿಸ್ದೆ. ಅದ್ರ ಮೇಲಿಂದ ನೀರು ಇಳಿದು ಕಣ್ಣಿಗೆ ಬಿತ್ತು. ಏನಾರ ಮಾಡಿ ಕಣ್ಣು ಉಳಿಸ್ಕೊಡು ತಾಯಿ."

ಡಾಕ್ಟರಮ್ಮ ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದು ಮೊದಲು ಅವನ ನಾಡಿ ನೋಡಿದರು, ಎದೆಯ ಬಡಿತ ನೋಡಿಸಿದರು, ಮತ್ತೆ ಕಣ್ಣು ತೊಳೆಸಿದರು. ಕಪ್ಪೆ ಬಿಡುವ ಆ ಬಿಳಿ ಹಾಲು ಹೊಟ್ಟೆಗೆ ಹೋದರೆ ಎದೆಗೇ ಕೆಟ್ಟದ್ದಂತೆ. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಕಪ್ಪೆಯ ಕಣ್ಣಿನ ಹಿಂದಿನ ಉಬ್ಬುಗಳಲ್ಲೇ ಅದರ ವಿಷ ಇರುವುದು. ನಾಯಿ ಬಾಯಿ ಹಾಕಿದರೆ, ಹಾವು ಹಿಡಿದರೆ, ಅದು ಮೊದಲು ಉಬ್ಬಿ ದೊಡ್ಡದಾಗಿ ತೋರಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಹಿಸುಕಿದರೆ ಹಾಲು ಬಿಡುತ್ತದೆ. "ಪಾಪ, ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ, ಜೋರಾಗಿ ಓಡೋಕೂ ಬರಲ್ಲ. ಅದನ್ನ ಬಿಗಿಯಾಗಿ ಕಟ್ಟಿದ್ರಾ?"

ರಾಮೇಗೌಡರು ಎದ್ದು ಹೊರಗೆ ಹೋದರು.

ಮಧ್ಯಾಹ್ನ ನಾನೂ ತಾಯವ್ವನೂ ಬಟ್ಟೆ ತರಲೆಂದು ಮನೆಗೆ ಬಂದೆವು. ಮಣೆ ಸಿಸ್ಟರ್ ಮನೆಯ ಗೇಟಿನ ಪಕ್ಕದಲ್ಲೇ ಬಿದ್ದಿತ್ತು, ಕಪ್ಪೆ ಇನ್ನೂ ಕಟ್ಟಿದಂತೆಯೇ ಇತ್ತು. ಇಬ್ಬರು ಗಂಡಸರು ಕಲ್ಲು ಹಿಡಿದು ನಿಂತಿದ್ದರು. ತಾಯವ್ವ ಅವರನ್ನು ನೋಡಿದ ನೋಟಕ್ಕೆ ಕಲ್ಲು ಕೆಳಗೆ ಬಿದ್ದವು. "ಅದೇನ್ ಮಾಡ್ತು ಕಣ್ರಪ್ಪ? ಕಟ್ಟಿದ್ದು ನಾವು." ಸಿಸ್ಟರ್ ಕತ್ತರಿ ತಂದು ದಾರ ಕತ್ತರಿಸಿದರು. ತಾಯವ್ವ ಹರಿದ ಗೋಣಿಯಲ್ಲಿ ಅದನ್ನು ಎತ್ತಿ ನಮ್ಮ ಒಗೆಯುವ ಕಲ್ಲಿನ ಹತ್ತಿರ ಬಿಟ್ಟಳು. ಅದು ಸ್ವಲ್ಪ ಹೊತ್ತು ಉಬ್ಬಿಕೊಂಡೇ ಕೂತಿತ್ತು. ಆಮೇಲೆ ಇಳಿದು, ತೆವಳಿ, ಕಲ್ಲಿನ ಕೆಳಗೆ ಹೋಯಿತು.

ಮುಂದಿನ ವಾರ ಮಳೆ ಬಂತು. ಎಂಥ ಮಳೆ ಅಂತೀರಿ! ಬೀದಿಯ ಎಲ್ಲ ಡ್ರಮ್ಮು, ಬಕೆಟ್ಟು, ಬೋಗುಣಿ ಹೊರಗೆ ಬಂದವು. "ನೋಡಿದ್ರಾ, ಕಪ್ಪೆ ಫಲ ಕೊಡ್ತು" ಎಂದು ಯಾರೋ ಕೂಗಿದರು. ಸಿಹಿ ಪೊಂಗಲ್ ಮಾಡಿ ತಾಯವ್ವನ ಮನೆಗೆ ಬಟ್ಟಲು ಕಳಿಸಿದರು. ಅವಳು ಬಟ್ಟಲನ್ನು ಹಾಗೇ ಹಿಂದಕ್ಕೆ ಕೊಟ್ಟು, ಸುರಿಯುವ ಮಳೆಯಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿಕೊಂಡಳು. ಒಳಗೆ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಗರಾಜು ಹೆಂಚಿನ ಮೇಲೆ ಬೀಳುವ ಸದ್ದು ಕೇಳುತ್ತಾ ಮಲಗಿದ್ದ.

ಬಲಗಣ್ಣು ಬೇಗ ತಿಳಿಯಾಯಿತು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಉಳಿಯಿತು. ಅವನು ಮಣ್ಣಿನ ಕೈಯಲ್ಲಿ ಉಜ್ಜಿಕೊಂಡದ್ದರಿಂದ ಗೀರಾಗಿದೆ, ಕಾದು ನೋಡಬೇಕು ಎಂದರು ಡಾಕ್ಟರಮ್ಮ. ನಾವು ಕಾದೆವು. ಸಿಸ್ಟರ್ ದಿನಾ ಬಂದು ಹನಿ ಹಾಕುತ್ತಿದ್ದರು. ರಾಮೇಗೌಡರು ಸಂಪಿನ ಬೀಗ ಮತ್ತೆ ಹಾಕಲೇ ಇಲ್ಲ. ಆದರೆ ನಮ್ಮ ಕಟ್ಟೆಗೆ ಪೇಪರ್ ಹಿಡಿದು ಬರುತ್ತಿದ್ದವರು ಬರುವುದನ್ನೂ ಬಿಟ್ಟರು. ನಾಗರಾಜು ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆ ಬಿಚ್ಚಿದ ದಿನವೇ, "ಎಲ್ಲಾ ಸರಿ ಹೋಯ್ತು ಕಣವ್ವ, ಮೊದ್ಲಿನಂಗೇ ಐತೆ" ಎಂದ. ಶ್ರಾವಣದಲ್ಲಿ ಮತ್ತೆ ಮಂಡಿಗೆ ಹೋಗಲು ಶುರು ಮಾಡಿದ. ಅವನು ಗಾಡಿ ತಿರುಗಿಸುವಾಗ ಎಡಕ್ಕೆ ಪೂರ್ತಿ ಕತ್ತು ಹೊರಳಿಸುವುದನ್ನು ನಾನೂ ನೋಡುತ್ತಿದ್ದೆ, ತಾಯವ್ವನೂ ನೋಡುತ್ತಿದ್ದಳು. ಅವಳು ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ. ಊಟಕ್ಕೆ ಬಡಿಸುವಾಗ ತಟ್ಟೆಯ ಎಡಬದಿಗೆ ಇಡುತ್ತಿದ್ದ ಪಲ್ಯವನ್ನು ಸದ್ದಿಲ್ಲದೆ ಬಲಬದಿಗೆ ಇಡತೊಡಗಿದಳು, ಅಷ್ಟೇ.

ಕಾರ್ತಿಕದಲ್ಲಿ ನನ್ನ ಹೊಲಿಗೆ ಮಿಷನ್ ರಿಪೇರಿಗೆಂದು ಅಗ್ರಹಾರಕ್ಕೆ ಒಯ್ಯಬೇಕಿತ್ತು. ನಾಗರಾಜು ಗಾಡಿಯ ಹಿಂದೆ ಹಗ್ಗ ಹಾಕಿ ಕಟ್ಟಿದ. ತಾಯವ್ವ ತಾನೂ ಬರುತ್ತೇನೆಂದು ಹತ್ತಿ ಮಗನ ಪಕ್ಕದಲ್ಲಿ ಕೂತಳು, ನಾನು ಅವಳ ಪಕ್ಕ ಒತ್ತಿಕೊಂಡು ಕೂತೆ. ರೈಲ್ವೆ ಸ್ಟೇಷನ್ ಹತ್ತಿರದ ಸಿಗ್ನಲ್‌ನಲ್ಲಿ ಗಾಡಿ ನಿಂತಿತು. ಕೆಂಪು ದೀಪದ ಕೆಳಗೆ ಅಂಕಿಗಳು ಇಳಿಯುತ್ತಿದ್ದವು. ಆಗ ತಾಯವ್ವ ಇದ್ದಕ್ಕಿದ್ದಂತೆ ತಿರುಗಿ, ತನ್ನ ಅಂಗೈಯಿಂದ ಮಗನ ಬಲಗಣ್ಣು ಮುಚ್ಚಿದಳು.

"ಈಗ ಹೇಳು ಮಗ. ಏನ್ ಕಾಣ್ತದೆ?"

ನಾಗರಾಜು ಅವಳ ಕೈ ತಳ್ಳಲಿಲ್ಲ. ಎರಡೂ ಕೈ ಹ್ಯಾಂಡಲ್ ಮೇಲಿಟ್ಟುಕೊಂಡು ನೇರವಾಗಿ ಕೂತಿದ್ದ.

"ಕೆಂಪು ಕಾಣ್ತದೆ ಕಣವ್ವ."

"ನಂಬರು?"

ಅಂಕಿಗಳು ಇಳಿಯುತ್ತಲೇ ಇದ್ದವು.

"ನಂಬರು ಕಾಣಾಕಿಲ್ಲ," ಎಂದ.

ದೀಪ ಹಸಿರಾಯಿತು. ಹಿಂದಿನವರು ಹಾರನ್ ಹೊಡೆದರು. ತಾಯವ್ವ ಕೈ ತೆಗೆದಳು, ನಾಗರಾಜು ಗಾಡಿ ಬಿಟ್ಟ.